ಹೊಸ ಗಾಡಿ ಕೈಸೇರುವ ಮೊದಲೇ ಜಖಂ ಆದರೆ ನಷ್ಟ ಯಾರದು?

ಟ್ರಾಕ್ಟರು, ಪವರ್ ಟಿಲ್ಲರು, ಕಾರು, ಪರದೇಶದಿಂದ ಬಂದ ಹುಲ್ಲು ಕೊಯ್ಯುವ ಯಂತ್ರ, ಇವುಗಳಲ್ಲಿ ಯಾವುದನ್ನೇ ಆಗಲಿ ಹೊಸದೆಂದು ಪೂರ್ತಿ ಹಣ ಕೊಟ್ಟು ತಂದ ಮೇಲೆ, ಅದು ಅಂಗಡಿಗೆ ಬರುವ ದಾರಿಯಲ್ಲೇ ಪೆಟ್ಟು ತಿಂದು, ತಟ್ಟಿ ಸರಿಮಾಡಿಸಿಕೊಂಡು, ಮೇಲೆ ಬಣ್ಣ ಬಳಿಸಿಕೊಂಡು ಬಂದದ್ದೆಂದು ತಿಳಿದರೆ ರೈತನು ಏನು ಮಾಡತಕ್ಕದ್ದು? ನಮ್ಮ ವಾಚಕರು ಆಗಾಗ್ಗೆ ಬರೆದು ಕೇಳುವ ಪ್ರಶ್ನೆ ಇದು. ಜಖಂ ಆದದ್ದು ತಿಳಿದ ಮೇಲೂ ಬಹಳ ಮಂದಿ ಸುಮ್ಮನಿದ್ದುಬಿಡುತ್ತಾರೆ. "ಸಹಿ ಹಾಕಿ ಆಯಿತು, ಹಣ ಕೊಟ್ಟು ಆಯಿತು, ಇನ್ನೇನು?" ಎಂಬುದೇ ಅವರ ಮಾತು.

ಗಡಿನಾಡಿನ ನಮಗೆ ಇದರಲ್ಲಿ ಇನ್ನೊಂದು ತೊಡಕೂ ಇದೆ. ಕಾಸರಗೋಡಿನ ಕಡೆಯವರು ಮಂಗಳೂರಿನಲ್ಲೋ ಪುತ್ತೂರಿನಲ್ಲೋ, ತಾಳವಾಡಿಯವರು ಚಾಮರಾಜನಗರದಲ್ಲಿ, ಜತ್ತಿನವರು ವಿಜಯಪುರದಲ್ಲಿ, ಆದವಾನಿಯವರು ಬಳ್ಳಾರಿಯಲ್ಲಿ ಯಂತ್ರ ಕೊಳ್ಳುವುದುಂಟು. ಮಾತು ನಮ್ಮದು, ಅಂಗಡಿಯವನು ಪರಿಚಯದವನು, ದಾರಿಯೂ ಹತ್ತಿರ. ಆದರೆ ಅಂಗಡಿ ಒಂದು ರಾಜ್ಯದಲ್ಲಿ, ಹೊಲ ಇನ್ನೊಂದು ರಾಜ್ಯದಲ್ಲಿ. ಜಗಳ ಬಂದರೆ ಯಾವ ಊರಿನ ಕಚೇರಿಗೆ ಅಲೆಯುವುದೆಂಬ ಅಂಜಿಕೆಯಿಂದಲೇ ಅರ್ಧ ಜನ ಹಿಂದೆ ಸರಿಯುತ್ತಾರೆ. ಈ ಅಂಜಿಕೆಗೆ 2020ರಿಂದೀಚೆಗೆ ಕಾರಣ ಉಳಿದಿಲ್ಲ. ಅದನ್ನು ಮುಂದೆ ವಿವರಿಸುತ್ತೇವೆ. ಮೊದಲು ಇಂಥ ವ್ಯಾಜ್ಯಗಳಲ್ಲೆಲ್ಲ ಹೆಸರಾದ ಒಂದು ಮೊಕದ್ದಮೆಯ ಕಥೆಯನ್ನು ಕೇಳಿರಿ. ಅದು ನಡೆದದ್ದು ಅಮೇರಿಕದಲ್ಲಿ; ಆದರೂ ಅದರ ತಿರುಳು ನಮ್ಮ ಹೊಲದ ಬದುವಿನವರೆಗೆ ಬರುತ್ತದೆ.

ಅಲಬಾಮದ ವೈದ್ಯರ ಕಾರು

ಅಮೇರಿಕದ ಅಲಬಾಮ ಸಂಸ್ಥಾನದ ಬರ್ಮಿಂಗ್‌ಹ್ಯಾಮ್ ನಗರದ ವೈದ್ಯರೊಬ್ಬರು 1990ರ ಜನವರಿಯಲ್ಲಿ ಜರ್ಮನಿಯಲ್ಲಿ ತಯಾರಾದ ಬಿ.ಎಂ.ಡಬ್ಲ್ಯು. ಕಾರೊಂದನ್ನು 40,750 ಡಾಲರಿಗೆ ಕೊಂಡರು. ಹೊಸ ಕಾರೆಂದೇ ಅವರಿಗೆ ಅದನ್ನು ಮಾರಲಾಗಿತ್ತು. ಒಂಬತ್ತು ತಿಂಗಳು ಓಡಿಸಿದರೂ ಅವರಿಗೆ ಯಾವ ಕೊರತೆಯೂ ಕಾಣಲಿಲ್ಲ. ಕಾರಿಗೆ ಇನ್ನಷ್ಟು ಹೊಳಪು ಕೊಡಿಸೋಣವೆಂದು ಮೆರುಗು ಹಾಕುವವನ ಬಳಿಗೆ ಒಯ್ದಾಗ, ಅವನು ನೋಡಿ, ಈ ಗಾಡಿಗೆ ಎರಡನೆಯ ಸಲ ಬಣ್ಣ ಹೊಡೆದಿದೆ ಎಂದನು. ವಿಚಾರಿಸಲಾಗಿ, ಜರ್ಮನಿಯಿಂದ ಅಮೇರಿಕಕ್ಕೆ ಬರುವ ಪ್ರಯಾಣದಲ್ಲಿ ಕಾರಿನ ಮೇಲ್ಬಣ್ಣ ಕೆಟ್ಟಿದ್ದಿತೆಂದೂ, ಆಮ್ಲ ಮಳೆ ಅದಕ್ಕೆ ಕಾರಣವಿರಬಹುದೆಂದೂ, ಕಂಪೆನಿಯು ತನ್ನ ಶಾಲೆಯಲ್ಲಿ ಸುಮಾರು 601 ಡಾಲರಿನ ಖರ್ಚಿನಲ್ಲಿ ಮೇಲುಭಾಗಕ್ಕೆಲ್ಲ ಹೊಸ ಬಣ್ಣ ಬಳಿಸಿತ್ತೆಂದೂ ಹೊರಬಿತ್ತು.

ಕಂಪೆನಿಯವರು ಇದನ್ನು ಅಲ್ಲಗಳೆಯಲಿಲ್ಲ. 1983ರಿಂದ ಅವರಲ್ಲಿ ಒಂದು ಕಟ್ಟಳೆ ಇತ್ತು. ತಯಾರಿಕೆಯಲ್ಲೋ ಸಾಗಣೆಯಲ್ಲೋ ಆದ ಜಖಮ್ಮಿನ ರಿಪೇರಿ ಖರ್ಚು ಕಾರಿನ ಬೆಲೆಯ ಶೇಕಡಾ 3ಕ್ಕಿಂತ ಹೆಚ್ಚಾದರೆ ಅದನ್ನು ಕೆಲಕಾಲ ಕಂಪೆನಿಯ ಬಳಕೆಗೆ ಇಟ್ಟುಕೊಂಡು ಆಮೇಲೆ ಹಳೆಯ ಗಾಡಿಯೆಂದು ಮಾರುವುದು. ಶೇಕಡಾ 3ರ ಒಳಗಿದ್ದರೆ ಸರಿಮಾಡಿ, ಅಂಗಡಿಯವನಿಗೂ ಹೇಳದೆ, ಹೊಸ ಗಾಡಿಯೆಂದೇ ಮಾರುವುದು. ವೈದ್ಯರ ಕಾರಿನ ರಿಪೇರಿ ಶೇಕಡಾ ಒಂದೂವರೆಯಷ್ಟಿದ್ದುದರಿಂದ ಯಾರಿಗೂ ಹೇಳಿರಲಿಲ್ಲ. ಹೀಗೆ ಮರುಬಣ್ಣ ಬಳಿದು ಹೊಸದೆಂದು ಮಾರಿದ ಕಾರುಗಳು ಅಮೇರಿಕದಲ್ಲಿ 983 ಇದ್ದುವೆಂದು ಸಾಕ್ಷ್ಯ ಬಂತು.

ಮರುಬಣ್ಣ ಬಳಿದ ಕಾರಿಗೆ ಪೇಟೆಯಲ್ಲಿ ಶೇಕಡಾ 10ರಷ್ಟು ಬೆಲೆ ಕಡಿಮೆ ಎಂಬ ಸಾಕ್ಷಿಯನ್ನು ನಂಬಿ, ವೈದ್ಯರಿಗೆ ಆದ ನಷ್ಟ 4,000 ಡಾಲರೆಂದು ಜೂರಿ ತೀರ್ಮಾನಿಸಿತು. ಅದರ ಮೇಲೆ, ಮುಚ್ಚಿಟ್ಟ ತಪ್ಪಿಗೆ ದಂಡವೆಂದು 40 ಲಕ್ಷ ಡಾಲರು ವಿಧಿಸಿತು! ಅಲಬಾಮದ ಸುಪ್ರೀಂ ಕೋರ್ಟು ಅದನ್ನು 20 ಲಕ್ಷಕ್ಕೆ ಇಳಿಸಿತು. ಅಮೇರಿಕದ ಸುಪ್ರೀಂ ಕೋರ್ಟು 1996ರ ಮೇ 20ರಂದು, ಐವರು ಒಂದು ಕಡೆ ನಾಲ್ವರು ಇನ್ನೊಂದು ಕಡೆ ಆಗಿ, ಆದ ನಷ್ಟಕ್ಕೆ 500 ಪಾಲು ಆಗುವ ಇಷ್ಟು ದಂಡವೂ ಅತಿಯಾಯಿತೆಂದು ತಳ್ಳಿಹಾಕಿತು. ಕೊನೆಗೆ 1997ರಲ್ಲಿ ಅಲಬಾಮದ ನ್ಯಾಯಾಲಯ 50,000 ಡಾಲರಿಗೆ ನಿಲ್ಲಿಸಿತು.

ವಕೀಲರು ಈ ತೀರ್ಪನ್ನು ದಂಡದ ಮಿತಿಗಾಗಿ ಓದುತ್ತಾರೆ. ಕೊಳ್ಳುವ ನಾವು ಓದಬೇಕಾದದ್ದು ಬೇರೆ ಭಾಗವನ್ನು. ಕಾರು ಓಡುತ್ತಿತ್ತು, ಅಂದವಾಗಿಯೂ ಇತ್ತು, ಒಂಬತ್ತು ತಿಂಗಳು ಮಾಲೀಕರಿಗೇ ಗೊತ್ತಾಗಿರಲಿಲ್ಲ. ಹಾಗಿದ್ದರೂ ನಷ್ಟವಾಗಿದೆ ಎಂದೇ ಎಲ್ಲ ನ್ಯಾಯಾಲಯಗಳೂ ಒಪ್ಪಿದವು. ಗಾಡಿ ಚೆನ್ನಾಗಿ ಓಡುತ್ತದೆಯಲ್ಲ ಎಂಬುದು ಉತ್ತರವಾಗಲಿಲ್ಲ. ಮೊದಲ ತೀರ್ಪು ಬಂದ ಕೆಲವೇ ದಿನಗಳಲ್ಲಿ ಕಂಪೆನಿಯು, ಎಷ್ಟೇ ಚಿಕ್ಕ ರಿಪೇರಿಯಾದರೂ ಗಿರಾಕಿಗೆ ತಿಳಿಸತಕ್ಕದ್ದೆಂದು ತನ್ನ ಕಟ್ಟಳೆಯನ್ನು ದೇಶಕ್ಕೆಲ್ಲ ಬದಲಾಯಿಸಿತು. ಒಬ್ಬ ವೈದ್ಯರು ಹಟ ಹಿಡಿಯದೆ ಹೋಗಿದ್ದರೆ ಅದು ಬದಲಾಗುತ್ತಿತ್ತೇ ಎಂಬುದು ಅನುಮಾನ.

ನಮ್ಮ ದೇಶದ ಕಾಯಿದೆ ಏನೆನ್ನುತ್ತದೆ

ನಮ್ಮಲ್ಲಿ ಇಂಥ ವ್ಯವಹಾರಕ್ಕೆ ಎರಡು ಕಾಯಿದೆಗಳು ಮುಖ್ಯ: 1930ರ ಸರಕು ಮಾರಾಟ ಕಾಯಿದೆ ಮತ್ತು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ. ಎರಡೂ ಕೇಂದ್ರದ ಕಾಯಿದೆಗಳು. ಆದ್ದರಿಂದ ಮಂಜೇಶ್ವರದಲ್ಲಿ ಒಂದು ನ್ಯಾಯ, ಉಳ್ಳಾಲದಲ್ಲಿ ಇನ್ನೊಂದು ನ್ಯಾಯ ಎಂಬುದಿಲ್ಲ. ಗಡಿ ದಾಟಿದರೆ ಬಸ್ಸಿನ ಬಣ್ಣ ಬದಲಾಗುತ್ತದೆ, ಈ ಕಾಯಿದೆಗಳು ಬದಲಾಗವು.

ಹಳೆಯ ಸರಕನ್ನು, ಸರಿಮಾಡಿಸಿದ ಸರಕನ್ನು, ಬಳಸಿದ ಸರಕನ್ನು ಹೊಸದೆಂದು ಹೇಳಿ ಮಾರುವುದು ಅನ್ಯಾಯದ ವ್ಯಾಪಾರ ಪದ್ಧತಿಯೆಂದು 2019ರ ಕಾಯಿದೆಯ 2ನೆಯ ಕಲಮಿನಲ್ಲಿ ಸ್ಪಷ್ಟವಾಗಿ ಬರೆದಿದೆ. ಬಿಲ್ಲು ಕೊಡದಿರುವುದೂ ಆ ಪಟ್ಟಿಯಲ್ಲಿದೆ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದೂ ಅದರಲ್ಲಿ ಸೇರಿದೆ. ಹೀಗಿರುವಾಗ "ಮಾರಿದ ಮಾಲನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ" ಎಂದು ಅಂಗಡಿಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದರೆ ಅದು ಗೋಡೆಯ ಮಾತು, ಕಾಯಿದೆಯ ಮಾತಲ್ಲ. ಅಮೇರಿಕದ ಕಂಪೆನಿ ಇಟ್ಟುಕೊಂಡಿದ್ದ ಶೇಕಡಾ 3ರಂತಹ ರಿಯಾಯತಿಯೂ ಈ ಕಲಮಿನಲ್ಲಿ ಇಲ್ಲ.

ಗೋವಾದಲ್ಲಿ ನಡೆದ ಒಂದು ಪ್ರಕರಣ ಇದಕ್ಕೆ ಹತ್ತಿರದ್ದು. 2011ರಲ್ಲಿ ಅಲ್ಲಿನ ಒಬ್ಬರು ಆ ವರ್ಷದ ಮಾದರಿಯ ಕಾರಿಗೆಂದು ಹಣ ಕೊಟ್ಟರು. ಕೈಗೆ ಬಂದದ್ದು 2009ರ ಮಾದರಿ. ಅದು ಆಗಲೇ 600 ಕಿಲೋಮೀಟರಿಗೂ ಹೆಚ್ಚು ಓಡಿತ್ತು, ತಳದಲ್ಲಿ ತುಕ್ಕು, ಮೈಮೇಲೆ ಗೀರುಗಳು. ಅಂಗಡಿಯವನೂ ತಯಾರಕ ಕಂಪೆನಿಯೂ ಸೇರಿ ಹೊಸ ಕಾರು ಕೊಡಬೇಕು, ಇಲ್ಲವೇ ಬಡ್ಡಿ ಸಹಿತ ಹಣ ಹಿಂದಿರುಗಿಸಬೇಕೆಂದು ಜಿಲ್ಲಾ ವೇದಿಕೆ ಆಜ್ಞೆಮಾಡಿತು. ವ್ಯಾಜ್ಯ ದೆಹಲಿಯ ತನಕ ಹೋಯಿತು. ಸುಪ್ರೀಂ ಕೋರ್ಟು 2021ರ ಫೆಬ್ರವರಿಯಲ್ಲಿ, ಅಂಗಡಿಯವನು ಕಂಪೆನಿಯಿಂದ ಕಾರು ಕೊಂಡು ತಾನೇ ಮಾರುವವನು, ಅವನು ಮಾಡಿದ್ದು ಕಂಪೆನಿಗೆ ತಿಳಿದಿತ್ತೆಂಬುದಕ್ಕೆ ಸಾಕ್ಷ್ಯ ಬೇಕು ಎಂದು ಹೇಳಿ ಕಂಪೆನಿಯನ್ನು ಬಿಟ್ಟಿತು. ಅಂಗಡಿಯವನ ಹೊಣೆ ಹಾಗೆಯೇ ಉಳಿಯಿತು. ಇದರಿಂದ ನಾವು ತಿಳಿಯಬೇಕಾದದ್ದೇನೆಂದರೆ, ದೂರು ಕೊಡುವಾಗ ಇಬ್ಬರನ್ನೂ ಸೇರಿಸಬಹುದು. ಆದರೆ ಜಖಂ ಎಲ್ಲಿ ಆಯಿತು, ಯಾರಿಗೆ ತಿಳಿದಿತ್ತು ಎಂಬುದಕ್ಕೆ ಕಾಗದದ ಆಧಾರ ಬೇಕು. ದೊಡ್ಡ ಕಂಪೆನಿಯ ಹೆಸರು ಬರೆದ ಮಾತ್ರಕ್ಕೆ ದೊಡ್ಡ ಹಣ ಬಾರದು.

ಒಡೆತನ ಬದಲಾಗುವ ಗಳಿಗೆ

ಈಗ ಬರುವುದು ಈ ಪಾಠದ ಅತಿ ಮುಖ್ಯವಾದ ಭಾಗ. ದಯಮಾಡಿ ಎರಡು ಸಲ ಓದಿರಿ.

ಗಾಡಿ ನಮ್ಮ ಮನೆಗೆ ಬರುವ ತನಕ ನಷ್ಟವೆಲ್ಲ ಅಂಗಡಿಯವನದೇ ಎಂದು ಬಹಳ ಮಂದಿ ನಂಬಿದ್ದಾರೆ. ಕಾಯಿದೆ ಹಾಗೆ ಹೇಳುವುದಿಲ್ಲ. 1930ರ ಕಾಯಿದೆಯ 26ನೆಯ ಕಲಮಿನ ಪ್ರಕಾರ, ಬೇರೆ ಮಾತಾಗಿರದಿದ್ದರೆ, ಸರಕಿನ ಒಡೆತನ ಯಾರದೋ ನಷ್ಟದ ಹೊಣೆಯೂ ಅವರದು. ಗಾಡಿ ಯಾರ ಅಂಗಳದಲ್ಲಿ ನಿಂತಿದೆ ಎಂಬುದು ಮುಖ್ಯವಲ್ಲ. ಹಾಗಾದರೆ ಒಡೆತನ ಯಾವಾಗ ಬದಲಾಗುತ್ತದೆ? ಇಂಥದೇ ಗಾಡಿ ಎಂದು ಗೊತ್ತಾಗದೆ, ಕೇವಲ ಮಾದರಿಯ ಹೆಸರು ಹೇಳಿ ಮುಂಗಡ ಕೊಟ್ಟಿದ್ದರೆ ಒಡೆತನ ಬದಲಾಗದು. ಕಾರ್ಖಾನೆಯಿಂದ ಬರುವ ಲಾರಿ ಮಗುಚಿದರೆ ಆ ನಷ್ಟ ನಿಮ್ಮದಲ್ಲ. ಆದರೆ ಅಂಗಡಿಯಲ್ಲಿ ನಿಂತಿರುವ, ಒಪ್ಪಿಸಲು ಸಿದ್ಧವಾಗಿರುವ ಒಂದು ಗಾಡಿಯನ್ನು ತೋರಿಸಿ "ಇದೇ ನನಗಿರಲಿ" ಎಂದು ವ್ಯಾಪಾರ ಮುಗಿಸಿದರೆ, ಹಣವನ್ನು ನಾಳೆ ಕೊಡುವುದಿದ್ದರೂ, ಗಾಡಿಯನ್ನು ಶುಕ್ರವಾರ ಒಯ್ಯುವುದಿದ್ದರೂ, ಒಡೆತನ ಆಗಲೇ ನಿಮ್ಮದಾಯಿತೆಂದು 20ನೆಯ ಕಲಮು ಹೇಳುತ್ತದೆ. ಆ ರಾತ್ರಿ ಗಾಳಿಗೆ ಶೀಟು ಹಾರಿ ಬಾನೆಟ್ಟಿನ ಮೇಲೆ ಬಿದ್ದರೆ "ನಿಮ್ಮ ಗಾಡಿ, ನಿಮ್ಮ ನಷ್ಟ" ಎಂದು ವಾದಿಸಲು ಅಂಗಡಿಯವನಿಗೆ ದಾರಿಯಾಗುತ್ತದೆ.

ಇದಕ್ಕೆ ತಡೆಗಳೂ ಇವೆ. ಅಂಗಡಿಯವನು ಇನ್ನೂ ಏನಾದರೂ ಜೋಡಿಸಿ, ಪರೀಕ್ಷಿಸಿ ಕೊಡಬೇಕಾಗಿದ್ದರೆ, ಆ ಕೆಲಸ ಮುಗಿದು ನಿಮಗೆ ತಿಳಿಸುವ ತನಕ ಒಡೆತನ ಬದಲಾಗದು. ಅವನ ತಪ್ಪಿನಿಂದಲೇ ತಡವಾಗಿದ್ದರೆ, ಆ ತಡದಿಂದ ಆದ ನಷ್ಟ ಅವನದು. ತನ್ನ ವಶದಲ್ಲಿರುವ ನಿಮ್ಮ ಸೊತ್ತನ್ನು ಜೋಪಾನ ಮಾಡುವ ಹೊಣೆ ಅವನಿಗೆ ಹೇಗೂ ಇದ್ದೇ ಇದೆ. ಆದರೆ ಇವೆಲ್ಲ ವಾದಕ್ಕೆ ಬೀಳುವ ಮಾತುಗಳು. ವಾದವೇ ಬಾರದಂತೆ ಮಾಡುವುದು ಸುಲಭ. 26ನೆಯ ಕಲಮೇ "ಬೇರೆ ಮಾತಾಗಿರದಿದ್ದರೆ" ಎಂದು ಆರಂಭವಾಗುವುದರಿಂದ, ಆ ಬೇರೆ ಮಾತನ್ನು ನೀವೇ ಬರೆಸಿರಿ. ಆರ್ಡರು ಫಾರಮಿನ ಮೇಲೆ ಕೈಬರಹದಲ್ಲಿ ಒಂದು ಸಾಲು: "ಗಿರಾಕಿಯು ಗಾಡಿಯನ್ನು ಪರೀಕ್ಷಿಸಿ, ಸಹಿ ಮಾಡಿ ವಶಕ್ಕೆ ಪಡೆಯುವ ತನಕ ಎಲ್ಲ ನಷ್ಟದ ಹೊಣೆ ಮಾರುವವರದು." ಕೆಳಗೆ ಅಂಗಡಿಯವರ ಸಹಿ ಮತ್ತು ಮೊಹರು. ಇಷ್ಟು ಸಾಕು. ಒಳ್ಳೆಯ ವ್ಯಾಪಾರಿ ಇದಕ್ಕೆ ಒಲ್ಲೆ ಎನ್ನುವುದಿಲ್ಲ. ಎಂದರೆ ಬೇರೆ ಅಂಗಡಿ ನೋಡುವುದೇ ವಾಸಿ.

ಗಡಿ ದಾಟಿ ಲಾರಿಯಲ್ಲಿ ತರಿಸುವವರು ಇನ್ನೂ ಒಂದು ಮಾತನ್ನು ಗಮನಿಸಬೇಕು. ನಿಮ್ಮ ಪರವಾಗಿ ಸಾಗಣೆಯವನ ಕೈಗೆ ಕೊಟ್ಟರೆ, ಸಾಮಾನ್ಯವಾಗಿ ನಿಮಗೇ ಕೊಟ್ಟಂತೆ ಎಂಬುದು 39ನೆಯ ಕಲಮು. ವಿಜಯಪುರದಲ್ಲಿ ಲಾರಿಗೆ ಏರಿಸಿದ ಟ್ರಾಕ್ಟರು ಜತ್ತಿನ ದಾರಿಯಲ್ಲಿ ಸರಪಳಿ ಕಳಚಿ ಪಕ್ಕಕ್ಕೆ ವಾಲಿದರೆ ಯಾರ ತಲೆಗೆ? ಆದ್ದರಿಂದ "ನಮ್ಮ ಊರಿನಲ್ಲಿ ಇಳಿಸಿ ಒಪ್ಪಿಸುವ ತನಕ ಮಾರುವವರ ಹೊಣೆ" ಎಂದೂ ಬರೆಸಿರಿ. ಲಾರಿ ಬಾಡಿಗೆಯನ್ನು ಬಿಲ್ಲಿನಲ್ಲೇ ಸೇರಿಸಿ ಕೊಡುವುದಿದ್ದರೆ ಈ ಮಾತಿಗೆ ಇನ್ನಷ್ಟು ಬಲ.

ಸಹಿಗೆ ಮುನ್ನ ಒಂದು ಗಂಟೆ

ಪರೀಕ್ಷಿಸಿ ನೋಡಲು ಅವಕಾಶ ಸಿಗುವ ತನಕ ಸರಕನ್ನು ಒಪ್ಪಿಕೊಂಡಂತೆ ಆಗುವುದಿಲ್ಲ ಎಂದು 41ನೆಯ ಕಲಮು ಹೇಳುತ್ತದೆ. ಕೇಳಿದರೆ ಅಂಗಡಿಯವನು ಆ ಅವಕಾಶ ಕೊಡಲೇಬೇಕು. ಆದರೆ ಈ ಹಕ್ಕಿಗೆ ಇನ್ನೊಂದು ಮಗ್ಗುಲಿದೆ. ನೋಡಿದ್ದರೆ ಕಾಣಲೇಬೇಕಾಗಿದ್ದ ದೋಷದ ಬಗೆಗೆ, ಪರೀಕ್ಷೆ ಮಾಡಿದವನು ಆಮೇಲೆ ದೂರುವುದು ಕಷ್ಟ. ಎಂದ ಮೇಲೆ ನೋಡಿದಂತೆ ಮಾಡಿ ನೋಡದಿರುವುದು ಎಲ್ಲಕ್ಕಿಂತ ಕೆಟ್ಟದ್ದು. ಅಂಗಡಿಗಳಲ್ಲಿ ಗಾಡಿಗೆ ಹಾರ ಹಾಕಿ, ಕಾಯಿ ಒಡೆದು, ಮನೆಮಂದಿಯನ್ನೆಲ್ಲ ನಿಲ್ಲಿಸಿ ಫೋಟೋ ತೆಗೆದು, ಆ ಸಂಭ್ರಮದಲ್ಲೇ ನಾಲ್ಕು ಕಾಗದಕ್ಕೆ ಸಹಿ ಹಾಕಿಸುವುದು ರೂಢಿ. ಪೂಜೆ ಬೇಡವೆಂದು ನಾವು ಹೇಳುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಆಗಲಿ.

ಹಗಲು ಬೆಳಕಿನಲ್ಲಿ, ಗಾಡಿಯನ್ನು ಅಂಗಡಿಯ ದೀಪದಿಂದ ಹೊರಗೆ ತರಿಸಿ ನೋಡಿರಿ. ಪಕ್ಕದಿಂದ ಓರೆಯಾಗಿ ನೋಡಿದರೆ ತಟ್ಟಿ ಸರಿಮಾಡಿದ ತಗಡು ಅಲೆಯಲೆಯಾಗಿ ಕಾಣುತ್ತದೆ. ಒಂದು ತಗಡಿನ ಬಣ್ಣ ಪಕ್ಕದ ತಗಡಿಗಿಂತ ತುಸು ಬೇರೆಯಿದ್ದರೆ ಸಂಶಯಪಡಿರಿ. ಮರುಬಣ್ಣ ಹೊಡೆದವರು ಎಷ್ಟೇ ಜಾಣರಾದರೂ ರಬ್ಬರಿನ ಅಂಚು, ದೀಪದ ಗಾಜಿನ ಸುತ್ತು, ವೈರುಗಳ ಮೇಲೆ ಬಣ್ಣದ ಸಣ್ಣ ತುಂತುರು ಉಳಿದಿರುತ್ತದೆ. ಬೆರಳಾಡಿಸಿದರೆ ಮರಳಿನಂತೆ ಹತ್ತುತ್ತದೆ. ಬಾನೆಟ್ಟು, ಮಡ್‌ಗಾರ್ಡುಗಳ ಬೋಲ್ಟುಗಳನ್ನು ನೋಡಿರಿ. ಬಿಚ್ಚಿ ಹಾಕಿದ ಬೋಲ್ಟಿನ ತಲೆಯ ಮೇಲೆ ಬಣ್ಣ ಬಿರಿದು, ಸ್ಪಾನರು ಕಚ್ಚಿದ ಗುರುತು ಇರುತ್ತದೆ. ಲಾರಿಯಲ್ಲಿ ಸರಪಳಿ ಬಿಗಿದ ಜಾಗಗಳು, ಅಂದರೆ ಮುಂದಿನ ಅಚ್ಚು, ಹಿಂದಿನ ಕೊಕ್ಕೆಯ ಸುತ್ತಮುತ್ತ, ವಿಶೇಷವಾಗಿ ನೋಡತಕ್ಕವು. ರೇಡಿಯೇಟರಿನ ತೆಳು ರೆಕ್ಕೆಗಳು ಒಂದೇ ಕಡೆ ಬಾಗಿದ್ದರೆ ಮುಂದಿನಿಂದ ಪೆಟ್ಟು ಬಿದ್ದಿರಬಹುದು. ಕೆಳಗೆ ಬಗ್ಗಿ ಎಣ್ಣೆ, ನೀರು ಜಿನುಗುತ್ತಿದೆಯೇ ನೋಡಿರಿ. ಕಾಲು ಗಂಟೆ ಇಂಜಿನು ಓಡಿಸಿ ಮತ್ತೊಮ್ಮೆ ನೋಡಿರಿ.

ಟ್ರಾಕ್ಟರಿನಲ್ಲಿ ಎಷ್ಟು ತಾಸು ಓಡಿದೆ ಎಂದು ತೋರಿಸುವ ಮೀಟರಿರುತ್ತದೆ. ಹೊಸದರಲ್ಲಿ ಅದು ಒಂದೆರಡು ತಾಸು ತೋರಿಸಿದರೆ ಸಹಜ. ಹತ್ತಾರು ತಾಸು ತೋರಿಸಿದರೆ ಪ್ರದರ್ಶನಕ್ಕೋ ಬಾಡಿಗೆಗೋ ಹೋಗಿ ಬಂದಿರಬೇಕು. ಟಯರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2324 ಎಂದಿದ್ದರೆ 2024ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದೆಂದು ಅರ್ಥ. ನಾಲ್ಕು ಟಯರುಗಳಲ್ಲಿ ಮೂರಕ್ಕೆ ಒಂದು ಕಾಲ, ನಾಲ್ಕನೆಯದಕ್ಕೆ ಇನ್ನೊಂದು ಕಾಲ ಇದ್ದರೆ ಕಾರಣ ಕೇಳಿರಿ. ಚಾಸಿಸ್ ನಂಬರು, ಇಂಜಿನ್ ನಂಬರುಗಳನ್ನು ಗಾಡಿಯ ಮೇಲೆಯೇ ಓದಿ ಬಿಲ್ಲಿನೊಡನೆ ತಾಳೆ ನೋಡಿರಿ. ಮಾರಾಟದ ಪ್ರಮಾಣಪತ್ರವಾದ ಫಾರಂ 21ರಲ್ಲಿ ತಯಾರಾದ ತಿಂಗಳೂ ವರ್ಷವೂ ಇರಬೇಕು. ಊರಿನ ಮೆಕ್ಯಾನಿಕ್ಕನ್ನು ಒಂದು ದಿನದ ಕೂಲಿ ಕೊಟ್ಟು ಜೊತೆಗೆ ಕರೆದೊಯ್ದರೆ ಅದು ದಂಡದ ಖರ್ಚಲ್ಲ.

ನಿಮ್ಮ ಹೆಸರಿಗೆ ನೋಂದಣಿ ಆಗುವ ಮೊದಲೇ ಇದೆಲ್ಲ ನಡೆಯಬೇಕು. ನೋಂದಣಿಯಾದ ಗಾಡಿಯನ್ನು ಅಂಗಡಿಯವನು ಮತ್ತೆ ಹೊಸದೆಂದು ಮಾರಲಾರನು, ಆದ್ದರಿಂದ ಹಿಂದಕ್ಕೆ ಪಡೆಯಲು ಅವನು ಎಂದೂ ಸುಲಭವಾಗಿ ಒಪ್ಪನು. ಸಾಲದ ಗಾಡಿಯಾದರೆ, ಪರೀಕ್ಷೆ ಮುಗಿದು ನಾವು ತಿಳಿಸುವ ತನಕ ಅಂಗಡಿಗೆ ಹಣ ಕಳಿಸಬಾರದೆಂದು ಬ್ಯಾಂಕಿಗೆ ಮೊದಲೇ ಬರೆದುಕೊಡಿರಿ. ಒಮ್ಮೆ ಹಣ ಹೋಯಿತೆಂದರೆ ಗಾಡಿ ಅಂಗಡಿಯಲ್ಲೇ ಕೊಳೆಯುತ್ತಿದ್ದರೂ ಕಂತು ನಿಲ್ಲುವುದಿಲ್ಲ.

"ನಿಮ್ಮ ಇನ್ಶೂರೆನ್ಸಿನಲ್ಲೇ ಕ್ಲೇಮು ಮಾಡಿ ಸರಿಮಾಡಿಸಿಕೊಡುತ್ತೇವೆ, ನಿಮಗೆ ಕಾಸಿನ ಖರ್ಚಿಲ್ಲ" ಎಂದು ಕೆಲವರು ಸಮಾಧಾನ ಹೇಳುವುದುಂಟು. ಇದಕ್ಕೆ ಒಪ್ಪಬಾರದು. ಅಂಗಡಿಯಲ್ಲಿ ಆದ ಜಖಮ್ಮನ್ನು ನೀವು ಓಡಿಸುವಾಗ ಆಯಿತೆಂದು ಬರೆದುಕೊಟ್ಟರೆ ಸುಳ್ಳು ಹೇಳಿದವರು ನೀವಾಗುತ್ತೀರಿ. ದೂರಿಗೆ ಇದ್ದ ಆಧಾರವನ್ನೂ ನಿಮ್ಮ ಕೈಯಾರೆ ಅಳಿಸಿದಂತಾಗುತ್ತದೆ.

ಜಖಂ ಕಂಡರೆ

ಮೊದಲು ಫೋಟೋ ತೆಗೆಯಿರಿ. ನಂಬರು ಪಟ್ಟಿ, ಮೀಟರು, ಪೆಟ್ಟಿನ ಜಾಗ ಎಲ್ಲವೂ ಬರಲಿ. ವಶಕ್ಕೆ ಪಡೆದ ಚೀಟಿಯ ಮೇಲೆ "ಸರಿಯಾಗಿದೆ" ಎಂಬ ಅಚ್ಚಿನ ಮಾತನ್ನು ಹೊಡೆದುಹಾಕಿ, ಕಂಡದ್ದನ್ನು ಬರೆದು ಸಹಿ ಮಾಡಿರಿ. ಇಲ್ಲವೇ ಗಾಡಿಯನ್ನೇ ತೆಗೆದುಕೊಳ್ಳಬೇಡಿರಿ. ಬಾಯಿಮಾತಿನ ಜಗಳದಿಂದ ಪ್ರಯೋಜನವಿಲ್ಲ. ಅಂಗಡಿಗೂ, ಕಂಪೆನಿಗೂ ಸ್ಪೀಡ್ ಪೋಸ್ಟಿನಲ್ಲಿ, ತಲುಪಿದ ರುಜುವಾತು ಸಿಗುವಂತೆ, ಈ ಬಗೆಯ ಪತ್ರವನ್ನು ಕಳಿಸತಕ್ಕದ್ದು:

"ತಾರೀಖು … ರಂದು ತಮ್ಮಲ್ಲಿ ಹೊಸ ಟ್ರಾಕ್ಟರಿಗೆಂದು ರೂ. … ಕೊಟ್ಟಿದ್ದೇನೆ. ತಾರೀಖು … ರಂದು ನನಗೆ ಒಪ್ಪಿಸಲು ತಂದ, ಚಾಸಿಸ್ ನಂಬರು … ಇರುವ ಗಾಡಿಯ ಬಾನೆಟ್ಟಿನ ಎಡಬದಿಗೆ ಮರುಬಣ್ಣ ಬಳಿದಿರುವುದೂ ರೇಡಿಯೇಟರಿಗೆ ಪೆಟ್ಟು ಬಿದ್ದಿರುವುದೂ ಕಂಡುಬಂದಿದೆ. ಇದನ್ನು ನನಗೆ ಮೊದಲು ತಿಳಿಸಿರಲಿಲ್ಲ. ಆದ್ದರಿಂದ ಈ ಗಾಡಿಯನ್ನು ನಾನು ಸ್ವೀಕರಿಸಿರುವುದಿಲ್ಲ. ಜಖಂ ಇಲ್ಲದ ಅದೇ ಮಾದರಿಯ ಬೇರೆ ಗಾಡಿಯನ್ನು ಈ ಪತ್ರ ತಲುಪಿದ 15 ದಿನಗಳೊಳಗೆ ಕೊಡಬೇಕು, ಇಲ್ಲವೇ ನನ್ನ ಹಣವನ್ನು ಹಿಂದಿರುಗಿಸಬೇಕು. ಗಾಡಿಗೆ ಯಾವಾಗ, ಎಲ್ಲಿ, ಏನು ರಿಪೇರಿ ಮಾಡಲಾಗಿದೆ ಎಂಬ ಲಿಖಿತ ವಿವರವನ್ನೂ ಕೊಡಬೇಕು."

ಗಾಡಿ ಮನೆಗೆ ಬಂದ ಮೇಲೆ ತಿಳಿದಿದ್ದರೆ, ತಿಳಿದ ದಿನವೇ ಓಡಿಸುವುದನ್ನು ನಿಲ್ಲಿಸಿ, "ಬಂದು ಒಯ್ಯತಕ್ಕದ್ದು" ಎಂದು ಬರೆಯಿರಿ. ಒಲ್ಲೆನೆಂದು ತಿಳಿಸಿದ ಸರಕನ್ನು ನೀವೇ ಹೊತ್ತುಕೊಂಡು ಹೋಗಿ ಹಿಂದಿರುಗಿಸಬೇಕಾಗಿಲ್ಲ. ಇದು 43ನೆಯ ಕಲಮು. ಆದರೆ ತಿಳಿದ ಮೇಲೂ ಒಂದು ಹಂಗಾಮು ಉತ್ತು, ಬಾಡಿಗೆಗೂ ಹೊಡೆದು, ಆಮೇಲೆ ಬೇಡವೆಂದರೆ ನಡೆಯದು. 42ನೆಯ ಕಲಮಿನ ಪ್ರಕಾರ ಅಷ್ಟರಲ್ಲಿ ಒಪ್ಪಿಕೊಂಡಂತಾಗುತ್ತದೆ. 1930ರ ಕಾಯಿದೆಯಂತೆ ಆಗ ಉಳಿಯುವುದು ನಷ್ಟಪರಿಹಾರ ಕೇಳುವ ಹಕ್ಕು ಮಾತ್ರ.

ಎಲ್ಲ ಗೀರಿಗೂ ಗಾಡಿಯನ್ನೇ ಬದಲಾಯಿಸಿಕೊಡಿ ಎನ್ನುವುದೂ ವಿವೇಕವಲ್ಲ. ತೋಟದ ಗೇಟು ದಾಟುವಾಗಲೇ ಟಿಲ್ಲರಿಗೆ ನಾಲ್ಕು ಗೀರು ಬೀಳುತ್ತವೆ. ಬಿತ್ತನೆಯ ಹದ ಬಂದಿರುವಾಗ ಬಣ್ಣದ ಜಗಳಕ್ಕಾಗಿ ಮೂರು ವಾರ ಕಾಯುವುದು ಯಾವ ಲೆಕ್ಕ? ಅಂಥಲ್ಲಿ ಬೆಲೆ ಇಳಿಸಿಕೊಂಡು, ಏನಾಗಿತ್ತೆಂಬುದನ್ನೂ ಗ್ಯಾರಂಟಿಗೆ ಅದರಿಂದ ಬಾಧೆಯಿಲ್ಲವೆಂಬುದನ್ನೂ ಬರೆಸಿಕೊಂಡು ತರುವುದೇ ಜಾಣತನ. ನ್ಯಾಯಾಲಯಗಳ ಧೋರಣೆಯೂ ಅದೇ. 2006ರಲ್ಲಿ ಒಂದು ಕಾರಿನ ವ್ಯಾಜ್ಯದಲ್ಲಿ, ಗ್ಯಾರಂಟಿಯ ಕರಾರು ಕೆಟ್ಟ ಭಾಗವನ್ನು ಬದಲಾಯಿಸುವುದಕ್ಕಷ್ಟೇ ಇರುವಾಗ ಇಡೀ ಕಾರನ್ನೇ ಬದಲಾಯಿಸಿಕೊಡಬೇಕೆಂಬ ಆಜ್ಞೆ ಸರಿಯಲ್ಲವೆಂದು ಸುಪ್ರೀಂ ಕೋರ್ಟು ಹೇಳಿತು. ಇಂಜಿನು, ಗೇರು ಪೆಟ್ಟಿಗೆ, ರೇಡಿಯೇಟರು, ಸ್ಟೇರಿಂಗುಗಳಿಗೆ ಪೆಟ್ಟು ಬಿದ್ದಿದ್ದರೆ ಮಾತ್ರ ರಾಜಿಗೆ ಇಳಿಯಬೇಡಿರಿ.

ದೂರು ನಮ್ಮ ಜಿಲ್ಲೆಯಲ್ಲೇ

ಪತ್ರಕ್ಕೆ ಉತ್ತರ ಬಾರದಿದ್ದರೆ 1915 ನಂಬರಿನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಬಹುದು. ಕನ್ನಡದಲ್ಲಿಯೂ ಮಾತಾಡಬಹುದು. ಅವರು ಅಂಗಡಿಯವರಿಗೆ ಬರೆದು ರಾಜಿಗೆ ಯತ್ನಿಸುತ್ತಾರೆ. ಆಜ್ಞೆ ಮಾಡುವ ಅಧಿಕಾರ ಅವರಿಗಿಲ್ಲ. ಆ ಅಧಿಕಾರ ಇರುವುದು ಜಿಲ್ಲಾ ಗ್ರಾಹಕ ಆಯೋಗಕ್ಕೆ.

1986ರ ಹಳೆಯ ಕಾಯಿದೆಯಲ್ಲಿ, ಎದುರಾಳಿ ಇರುವ ಊರಿನಲ್ಲಿ ಅಥವಾ ವ್ಯವಹಾರ ನಡೆದ ಊರಿನಲ್ಲಿ ದೂರು ಕೊಡಬೇಕಾಗಿತ್ತು. ಚಾಮರಾಜನಗರದಲ್ಲಿ ಕೊಂಡರೆ ಚಾಮರಾಜನಗರಕ್ಕೇ ಅಲೆಯಬೇಕು. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಕಾಯಿದೆಯ 34ನೆಯ ಕಲಮು ಇದನ್ನು ಬದಲಾಯಿಸಿತು. ದೂರುಗಾರನು ತಾನು ವಾಸಿಸುವ ಅಥವಾ ದುಡಿಯುವ ಸ್ಥಳದ ಜಿಲ್ಲಾ ಆಯೋಗದಲ್ಲಿಯೂ ದೂರು ಕೊಡಬಹುದು. ಅಂದರೆ ಮಂಗಳೂರಿನಲ್ಲಿ ಕೊಂಡ ಕುಂಬಳೆಯ ರೈತನು ಕಾಸರಗೋಡಿನ ಆಯೋಗಕ್ಕೆ, ತಾಳವಾಡಿಯವನು ಈರೋಡಿಗೆ, ಜತ್ತಿನವನು ಸಾಂಗ್ಲಿಗೆ, ಅಕ್ಕಲಕೋಟೆಯವನು ಸೊಲ್ಲಾಪುರಕ್ಕೆ, ಹೊಸೂರಿನವನು ಕೃಷ್ಣಗಿರಿಗೆ ಹೋದರೆ ಸಾಕು. ಗಡಿಯಾಚೆಯ ಅಂಗಡಿಯವನು ಅಲ್ಲಿಗೆ ಬಂದು ಉತ್ತರ ಕೊಡಬೇಕು. ಬಿಲ್ಲಿನ ಕೆಳಗೆ "ವ್ಯಾಜ್ಯಗಳು ಇಂಥ ಊರಿನ ನ್ಯಾಯಾಲಯಕ್ಕೆ ಮಾತ್ರ ಒಳಪಟ್ಟಿವೆ" ಎಂದು ಅಚ್ಚಾಗಿರುವುದನ್ನು ನೋಡಿ ಹಿಂಜರಿಯಬೇಡಿರಿ. ಈ ಕಾಯಿದೆಯ ಪರಿಹಾರ ಬೇರೆ ಕಾಯಿದೆಗಳ ಪರಿಹಾರದ ಜೊತೆಗೆ ಹೆಚ್ಚಿನದಾಗಿ ಇರುವಂಥದ್ದೆಂದು 100ನೆಯ ಕಲಮಿನಲ್ಲಿದೆ.

"ಟ್ರಾಕ್ಟರು ವ್ಯಾಪಾರದ ವಸ್ತು, ನೀವು ಗ್ರಾಹಕರೇ ಅಲ್ಲ" ಎಂಬ ವಾದ ಬರುವುದುಂಟು. ಸ್ವಂತ ದುಡಿಮೆಯಿಂದ ಜೀವನ ಸಾಗಿಸುವುದಕ್ಕಾಗಿಯೇ ಕೊಂಡ ವಸ್ತು ವ್ಯಾಪಾರದ ಉದ್ದೇಶದ್ದಲ್ಲವೆಂದು ಕಾಯಿದೆಯೇ ವಿವರಿಸಿದೆ. ಸಹಾಯಕ್ಕೆ ಒಬ್ಬಿಬ್ಬರನ್ನು ಇಟ್ಟುಕೊಂಡ ಮಾತ್ರಕ್ಕೆ ಆ ರಕ್ಷಣೆ ಹೋಗದೆಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿದೆ. ಆದರೆ ಬೇರೆಯವರ ಕೈಯಲ್ಲೇ ಓಡಿಸಿ ಬಾಡಿಗೆ ಎಣಿಸುವುದಕ್ಕಾಗಿ ಕೊಂಡವರಿಗೆ ಈ ಮಾತು ಅನ್ವಯಿಸದು. ದೂರಿನಲ್ಲಿ ನಿಮ್ಮ ಜಮೀನು ಎಷ್ಟು, ಗಾಡಿಯನ್ನು ಓಡಿಸುವವರು ಯಾರು ಎಂಬುದನ್ನು ಮೊದಲ ಪ್ಯಾರಾದಲ್ಲೇ ಬರೆಯಿರಿ.

ಕೊಟ್ಟ ಬೆಲೆ 50 ಲಕ್ಷ ರೂಪಾಯಿಯ ತನಕ ಇದ್ದರೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ. ಶುಲ್ಕ ಹಗುರ: 5 ಲಕ್ಷದವರೆಗೆ ಏನೂ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400 ರೂಪಾಯಿ. ವಕೀಲರನ್ನು ಹಿಡಿಯಲೇಬೇಕೆಂದಿಲ್ಲ. ಇ-ಜಾಗೃತಿ ಎಂಬ ಸರಕಾರಿ ತಾಣದ ಮೂಲಕ ಮನೆಯಿಂದಲೂ ದೂರು ಸಲ್ಲಿಸಬಹುದು. ದೋಷವನ್ನು ತೆಗೆಸುವುದು, ಗಾಡಿ ಬದಲಾಯಿಸಿಕೊಡುವುದು, ಬಡ್ಡಿ ಸಹಿತ ಹಣ ಮರಳಿಸುವುದು, ನಷ್ಟ ಕೊಡಿಸುವುದು, ತಕ್ಕ ಸಂದರ್ಭದಲ್ಲಿ ದಂಡರೂಪದ ಪರಿಹಾರ ವಿಧಿಸುವುದು, ಈ ಎಲ್ಲ ಆಜ್ಞೆಗಳೂ ಆಯೋಗದ ಅಧಿಕಾರದಲ್ಲಿವೆ. ಒಪ್ಪಿಕೊಂಡು ತಂದ ಮೇಲೆ ಹೊರಬಿದ್ದ ದೋಷಕ್ಕೂ ಇವು ದೊರೆಯಬಲ್ಲವು. ಮೂರು ತಿಂಗಳಲ್ಲಿ, ಯಂತ್ರವನ್ನು ಪರೀಕ್ಷೆಗೆ ಕಳಿಸಬೇಕಾದರೆ ಐದು ತಿಂಗಳಲ್ಲಿ, ತೀರ್ಮಾನಿಸಲು ಯತ್ನಿಸಬೇಕೆಂದು ಕಾಯಿದೆಯಲ್ಲಿದೆ. ನಡೆಯುವಾಗ ಅದಕ್ಕಿಂತ ಹೆಚ್ಚು ಹಿಡಿಯುವುದೇ ಸಾಮಾನ್ಯ. ಅಷ್ಟು ತಾಳ್ಮೆ ಬೇಕು.

ದೂರು ಕೊಡುವ ಗಡುವು, ಕಾರಣ ಒದಗಿದ ದಿನದಿಂದ ಎರಡು ವರ್ಷ. ಬಿಲ್ಲು, ಆರ್ಡರು ಫಾರಂ, ಫೋಟೋಗಳು, ಪತ್ರದ ಪ್ರತಿ, ಅಂಚೆಯ ರಸೀದಿ, ಮೆಕ್ಯಾನಿಕ್ಕನ ಲಿಖಿತ ಅಭಿಪ್ರಾಯ ಇವನ್ನು ಲಗತ್ತಿಸಬೇಕು. ಕನ್ನಡದಲ್ಲಿರುವ ಕಾಗದಗಳಿಗೆ ಆ ರಾಜ್ಯದ ಭಾಷೆಯಲ್ಲೋ ಇಂಗ್ಲಿಷಿನಲ್ಲೋ ಅನುವಾದ ಮಾಡಿಸಿ ಜೊತೆಗಿಟ್ಟರೆ ಕೆಲಸ ಬೇಗ ಸಾಗುತ್ತದೆ. ಊರಿನ ಶಾಲೆಯ ಮೇಷ್ಟರು ಅಷ್ಟು ನೆರವು ಮಾಡಿಕೊಟ್ಟಾರು. ಮೂಲ ಕಾಗದಗಳನ್ನು ಮಾತ್ರ ಯಾರ ಕೈಗೂ ಕೊಡದೆ ಮನೆಯಲ್ಲೇ ಇಟ್ಟುಕೊಳ್ಳಿರಿ.